ಪುಸ್ತಕದ ಗ್ರೀಷ್ಮ, ನಮ್ಮೂರಿನ ಬ್ಯಾಸಗಿ



ಈ ಸಲದ ಪಾಠ ಆಯುರ್ವೇದದ ದಿನಚರ್ಯೆ ಮತ್ತು ಋತುಚರ್ಯೆ ಬಗ್ಗೆ. ದಿನಚರ್ಯೆ ಅಂದ್ರೆ ಒಂದು ದಿನವನ್ನು ಹೇಗೆ ಕಳೆಯಬೇಕು ಅನ್ನೋದು. ಋತುಚರ್ಯೆ ಅಂದ್ರೆ ಕಾಲ ಬದಲಾದ ಹಾಗೆ ನಮ್ಮ ಊಟ, ನಿದ್ದೆ, ಕೆಲಸ ಹೇಗೆ ಬದಲಾಗಬೇಕು ಅನ್ನೋದು. ಬರೆಯುತ್ತಿರುವ ನಾವು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದು ಹಾಸ್ಟೆಲ್ ಸೇರಿದ ಸೆಕೆಂಡ್ ಇಯರ್‌ನವರು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಸಂಸ್ಕೃತ ಬರಲ್ಲ. ಅನುವಾದ ಇಟ್ಟುಕೊಂಡು ಓದಿದ್ದೇವೆ. ನಾವು ವೈದ್ಯರೂ ಅಲ್ಲ, ಹಾಗಾಗಿ ಇಲ್ಲಿ ಯಾವ ಕಾಯಿಲೆಗೂ ಮದ್ದು ಸಿಗಲ್ಲ. ಸಿಗೋದು ಒಂದೇ ಪ್ರಶ್ನೆ: ಈ ಶಾಸ್ತ್ರ ಹೇಳೋದನ್ನ ಪಾಲಿಸಬೇಕು ಅಂದ್ರೆ ಮೊದಲು ಏನು ನೋಡಬೇಕು?

ಮೊಬೈಲ್‌ನಲ್ಲಿ ಈಗ ಎಲ್ಲಿ ನೋಡಿದರೂ ಒಂದೇ ಚಾರ್ಟ್. ಬೆಳಗ್ಗೆ 4ಕ್ಕೆ ಏಳಿ, ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿಯಿರಿ, ತಾಮ್ರದ ಬಾಟಲಿ ಕೊಳ್ಳಿ, ಪ್ರಕೃತಿಯ ಜೊತೆ ಬದುಕಿ. ದಿಲ್ಲಿಯವರಿಗೂ ಅದೇ, ಕೊಚ್ಚಿಯವರಿಗೂ ಅದೇ, ಇಂಡಿಯವರಿಗೂ ಅದೇ. ತಮಾಷೆ ಏನಂದ್ರೆ ಜೇನುತುಪ್ಪವನ್ನ ಬಿಸಿ ಮಾಡಬಾರದು, ಬಿಸಿ ಪದಾರ್ಥದ ಜೊತೆ ಸೇರಿಸಬಾರದು ಅಂತ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಸ್ಪಷ್ಟವಾಗಿ ಇದೆ. ರೀಲ್ ಮಾಡಿದವರು ಪುಸ್ತಕ ತೆರೆದಿರಲಿಕ್ಕಿಲ್ಲ. ಅದು ಹೋಗಲಿ. ದೊಡ್ಡ ತೊಂದರೆ ಬೇರೆ ಇದೆ: ಚಾರ್ಟ್ ನಮ್ಮನ್ನ “ನೀನು ಯಾವ ಊರಾಗ ಇದ್ದಿ?” ಅಂತ ಕೇಳುವುದೇ ಇಲ್ಲ.

ಮೂಲ ಗ್ರಂಥ ಅದನ್ನೇ ಮೊದಲು ಕೇಳುತ್ತದೆ.

ಎಂಟು ವೇರಿಯಬಲ್

ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಊಟ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನ ಮಾಡೋಕೆ ಎಂಟು ವಿಷಯ ನೋಡಬೇಕು ಅಂತ ಹೇಳಿದೆ. ಪ್ರಕೃತಿ, ಅಂದ್ರೆ ಆ ಪದಾರ್ಥದ ಸ್ವಂತ ಗುಣ. ಕರಣ, ಅದನ್ನ ಬೇಯಿಸಿದ, ಹುರಿದ, ಕಡೆದ ರೀತಿ. ಸಂಯೋಗ, ಯಾವುದರ ಜೊತೆ ಯಾವುದು. ರಾಶಿ, ಎಷ್ಟು. ದೇಶ, ಎಲ್ಲಿ ಬೆಳೆದದ್ದು, ಎಲ್ಲಿ ತಿನ್ನುತ್ತಿರುವುದು. ಕಾಲ, ಯಾವಾಗ. ಉಪಯೋಗಸಂಸ್ಥೆ, ತಿನ್ನುವ ನಿಯಮ. ಕೊನೆಗೆ ಉಪಯೋಕ್ತಾ, ಅಂದ್ರೆ ತಿನ್ನುವವನು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಎಂಟು ವೇರಿಯಬಲ್‌ಗಳ ಫಂಕ್ಷನ್. ಮೊಬೈಲ್ ಚಾರ್ಟು ಅದರಲ್ಲಿ ಒಂದನ್ನೋ ಎರಡನ್ನೋ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾನ್‌ಸ್ಟಂಟ್ ಮಾಡಿಬಿಟ್ಟಿದೆ. ಎಂ-1 ಪೇಪರಿನಲ್ಲಿ ಹಾಗೆ ಮಾಡಿದ್ರೆ ಮಾರ್ಕ್ಸ್ ಬರ್ತಿತ್ತಾ?

ಈ ಎಂಟರಲ್ಲಿ “ದೇಶ”ವನ್ನ ನಮ್ಮ ನಾಲ್ಕು ತಾಲೂಕಿಗೆ ಹಾಕಿ ನೋಡೋಣ. ಆಯುರ್ವೇದ ನೆಲವನ್ನ ಮೂರು ಥರ ಮಾಡುತ್ತದೆ. ನೀರು, ಮರಗಿಡ ಜಾಸ್ತಿ ಇರೋದು ಆನೂಪ; ಅಲ್ಲಿ ಕಫ ಹೆಚ್ಚು. ಗಾಳಿ, ಬಿಸಿಲು ಜಾಸ್ತಿ, ಮರ ಕಡಿಮೆ ಇರೋ ಒಣ ಬಯಲು ಜಾಂಗಲ. ಅಲ್ಲಿ ವಾತ ಹೆಚ್ಚು. ಎರಡರ ನಡುವಿನದು ಸಾಧಾರಣ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ಹರಿದರೂ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ನಮ್ಮ ಎರಿ ಭೂಮಿ ಯಾವ ಗುಂಪಿಗೆ ಸೇರುತ್ತೆ ಅಂತ ಹೇಳೋಕೆ ಪಂಡಿತರು ಬೇಕಿಲ್ಲ. ಸಿಂದಗಿಯಿಂದ ಇಂಡಿಗೆ ಮೇ ತಿಂಗಳ ಮಧ್ಯಾಹ್ನ ಬಸ್ಸಿನ ಕಿಟಕಿ ಪಕ್ಕ ಕೂತು ಹೋದರೆ ಸಾಕು.

ನಮ್ಮ ಪಕ್ಕದ ರೂಮಿನ ಶಿರಸಿ ಕಡೆಯವನಿಗೆ ಮನೆಯಲ್ಲಿ ಮಳೆಗಾಲ ಪೂರ್ತಿ ಕಷಾಯ. ಅದು ಆನೂಪ ದೇಶ, ಥಂಡಿ, ತೇವ. ಅವನ ಕಷಾಯ ನಮಗೆ, ನಮ್ಮ ಕಟಕ ರೊಟ್ಟಿ ಅವನಿಗೆ, ಎರಡೂ ಒಂದೇ ಚಾರ್ಟಿನಲ್ಲಿ ಕೂರೋದಿಲ್ಲ.

4 ಗಂಟೆ ಎಲ್ಲಿಂದ ಬಂತು?

ದಿನಚರ್ಯೆ ಶುರುವಾಗೋದೇ ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದರಿಂದ. ಒಂದು ಮುಹೂರ್ತ ಅಂದ್ರೆ 48 ನಿಮಿಷ. ಬ್ರಾಹ್ಮೀ ಮುಹೂರ್ತ ರಾತ್ರಿಯ ಕೊನೆಯಿಂದ ಎರಡನೆಯದು ಅಂತ ಸಾಮಾನ್ಯ ಲೆಕ್ಕ. ಅಂದ್ರೆ ಸೂರ್ಯ ಹುಟ್ಟೋಕೆ 96 ನಿಮಿಷ ಇರುವಾಗ ಶುರುವಾಗಿ 48 ನಿಮಿಷ ಇರುವಾಗ ಮುಗಿಯುತ್ತೆ. ಇದು ಗಡಿಯಾರದ ಸಮಯ ಅಲ್ಲ, ಸೂರ್ಯನ ಸಮಯ.

ಈಗ ಲೆಕ್ಕ ಮಾಡಿ. ಭಾರತದ ಗಡಿಯಾರ ನಿಂತಿರೋದು 82.5 ಡಿಗ್ರಿ ರೇಖಾಂಶದ ಮೇಲೆ. ವಿಜಯಪುರ ಇರೋದು ಸುಮಾರು 75.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದ ಹಾಗೆ ನಮ್ಮೂರಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 27 ನಿಮಿಷ ತಡ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯೋದಯ 6ಕ್ಕೆ ಸ್ವಲ್ಪ ಮೊದಲು. ಜನವರಿ ನಡುವೆ ಹತ್ತಿರ ಹತ್ತಿರ 7 ಗಂಟೆ. ಹಾಗಾದ್ರೆ ಬ್ರಾಹ್ಮೀ ಮುಹೂರ್ತ ಜೂನ್‌ನಲ್ಲಿ ಸುಮಾರು 4:20ಕ್ಕೆ ಶುರು, ಜನವರಿಯಲ್ಲಿ ಸುಮಾರು 5:25ಕ್ಕೆ. ವರ್ಷದಲ್ಲಿ ಒಂದು ತಾಸಿನಷ್ಟು ಹಿಂದೆ ಮುಂದೆ ಆಗುತ್ತೆ. ಥಂಡಿಗಾಲದಲ್ಲಿ ಜಾಸ್ತಿ ಮಲಗು ಅಂತ ಸೂರ್ಯನೇ ಹೇಳ್ತಾನೆ, ಅಲಾರಂ ಆ್ಯಪ್ ಹೇಳಲ್ಲ.

ಇನ್ನೊಂದು ಮಾತು ಜಿಮ್‌ಗೆ ಹೋಗುವವರಿಗೆ. ವ್ಯಾಯಾಮ ಅರ್ಧ ಶಕ್ತಿಯಷ್ಟೇ ಮಾಡಬೇಕು, ಅದೂ ಚಳಿಗಾಲ ಮತ್ತು ವಸಂತದಲ್ಲಿ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಅಂತ ವಾಗ್ಭಟನ ಮಾತು. ಬಾಯಿಂದ ಉಸಿರು ಬರೋಕೆ ಶುರುವಾದರೆ ಅರ್ಧ ಶಕ್ತಿ ಮುಗಿದ ಹಾಗೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 3ಕ್ಕೆ ಗ್ರೌಂಡಿನಲ್ಲಿ ಓಡೋರು ಇದನ್ನ ಎರಡು ಸಲ ಓದಿ.

ಪುಸ್ತಕದ ಪಂಚಾಂಗ, ರೈತರ ಪಂಚಾಂಗ

ಈಗ ಋತುಗಳು. ಮಾಘದಿಂದ ಎರಡೆರಡು ತಿಂಗಳಿಗೆ ಒಂದರಂತೆ ಶಿಶಿರ, ವಸಂತ, ಗ್ರೀಷ್ಮ, ವರ್ಷಾ, ಶರತ್, ಹೇಮಂತ. ಮೊದಲ ಮೂರು ಉತ್ತರಾಯಣ, ಅದಕ್ಕೆ ಆದಾನ ಕಾಲ ಅಂತ ಹೆಸರು. ಸೂರ್ಯ ನಮ್ಮಿಂದ ಬಲ ತಗೋತಾನೆ. ಉಳಿದ ಮೂರು ದಕ್ಷಿಣಾಯನ, ವಿಸರ್ಗ ಕಾಲ. ಬಲ ವಾಪಸ್ ಬರುತ್ತೆ. ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ಬದುಕೋಕೆ ಸಾಲದು.

ಯಾಕಂದ್ರೆ ಈ ಲೆಕ್ಕದಲ್ಲಿ ಗ್ರೀಷ್ಮ ಬರೋದು ಜ್ಯೇಷ್ಠ, ಆಷಾಢದಲ್ಲಿ, ಅಂದ್ರೆ ಹೆಚ್ಚುಕಡಿಮೆ ಜೂನ್, ಜುಲೈ. ನಮ್ಮ ಕಡೆ 40 ಡಿಗ್ರಿ ಮುಟ್ಟೋದು ಏಪ್ರಿಲ್, ಮೇ ತಿಂಗಳಲ್ಲಿ. ಪುಸ್ತಕದ ಪ್ರಕಾರ ಅದು ಚೈತ್ರ, ವೈಶಾಖದ ವಸಂತ! ಕೋಗಿಲೆ ಕೂಗುತ್ತೆ, ಒಪ್ಪಿದ್ವಿ, ಆದರೆ ಟಾರ್ ರಸ್ತೆ ಕರಗ್ತಿರುತ್ತೆ. ಪುಸ್ತಕದ ಗ್ರೀಷ್ಮ ಬರೋ ಹೊತ್ತಿಗೆ ನಮ್ಮಲ್ಲಿ ಮಿರಗದ ಮಳೆಗೆ ಬಿತ್ತನೆ ನಡೆದಿರುತ್ತೆ. ಮಳೆ ಜಾಸ್ತಿ ಬೀಳೋದು ಸೆಪ್ಟೆಂಬರ್‌ನಲ್ಲಿ. ತಿಂಗಳ ಹೆಸರು ನೋಡಿ ಋತುಚರ್ಯೆ ಮಾಡಿದ್ರೆ ಸುಡೋ ಬಿಸಿಲಲ್ಲಿ ಜೋರಾಗಿ ವ್ಯಾಯಾಮ ಮಾಡಬೇಕಾಗುತ್ತೆ.

ಹಳಬರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಸುಶ್ರುತಸಂಹಿತೆ ಎರಡು ಥರದ ಋತುಪಟ್ಟಿ ಕೊಡುತ್ತದೆ. ಎರಡನೆಯದರಲ್ಲಿ ಶಿಶಿರವನ್ನ ತೆಗೆದು, ವರ್ಷಾಋತುವಿಗೆ ಮೊದಲು ಪ್ರಾವೃಟ್ ಅಂತ ಮಳೆ ಶುರುವಾಗೋ ಕಾಲವನ್ನ ಸೇರಿಸಿದೆ. ಅಂದ್ರೆ ಪಟ್ಟಿ ಕಲ್ಲಿನಲ್ಲಿ ಕೊರೆದದ್ದಲ್ಲ, ಆಕಾಶ ನೋಡಿ ತಿದ್ದಿಕೊಳ್ಳೋಕೆ ಜಾಗ ಇದೆ.

ನಮ್ಮ ಕಡೆ ರೈತರು ಹಾಗೇ ತಿದ್ದಿಕೊಂಡಿದ್ದಾರೆ ಅನ್ನೋದು ನಮ್ಮ ಅಭಿಪ್ರಾಯ. ಅವರು ಆರು ಋತು ಲೆಕ್ಕ ಹಾಕಲ್ಲ. ಅವರ ಲೆಕ್ಕ ಮಳೆ ನಕ್ಷತ್ರದ್ದು: ರೋಹಿಣಿ, ಮಿರಗ, ಆರಿದ್ರಾ ಅಂತ ಶುರುವಾಗಿ ಉತ್ತರಿ, ಹಸ್ತ, ಚಿತ್ತಿ, ಸ್ವಾತಿವರೆಗೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರೋದು 13, 14 ದಿನ. 365ನ್ನ 27ರಿಂದ ಭಾಗಿಸಿ, ಅಷ್ಟೇ. 60 ದಿನದ ಋತುವಿಗೆ ಹೋಲಿಸಿದ್ರೆ ಇದರ ರೆಸಲ್ಯೂಶನ್ ನಾಲ್ಕು ಪಟ್ಟಿಗಿಂತ ಜಾಸ್ತಿ. ಸೂರ್ಯನ ಲೆಕ್ಕ ಆದ್ದರಿಂದ ಮಿರಗ ಪ್ರತಿ ವರ್ಷ ಜೂನ್ ಮೊದಲ ವಾರದ ಕೊನೆಗೇ ಕೂರುತ್ತೆ, ಅಧಿಕ ಮಾಸದ ತಾಪತ್ರಯ ಇಲ್ಲ.

ಆಯುರ್ವೇದದಲ್ಲೂ 14 ದಿನದ ಒಂದು ಅಳತೆ ಇದೆ, ಅದು ಋತುಸಂಧಿ. ಒಂದು ಋತುವಿನ ಕೊನೆಯ ವಾರ, ಮುಂದಿನದರ ಮೊದಲ ವಾರ. ಆ ಹದಿನಾಲ್ಕು ದಿನದಲ್ಲಿ ಹಳೆಯ ರೂಢಿಯನ್ನ ಸ್ವಲ್ಪ ಸ್ವಲ್ಪ ಬಿಟ್ಟು, ಹೊಸದನ್ನ ಸ್ವಲ್ಪ ಸ್ವಲ್ಪ ಹಿಡಿಯಬೇಕು, ಒಮ್ಮೆಲೇ ಬದಲಾಯಿಸಿದ್ರೆ ಕಾಯಿಲೆ. ಸೆಮ್ ರಜೆ ಮುಗಿಸಿ ಮನೆ ರೊಟ್ಟಿಯಿಂದ ಮೆಸ್ಸಿನ ಮೈದಾ ಪರೋಟಾಕ್ಕೆ ಒಂದೇ ರಾತ್ರಿಯಲ್ಲಿ ಹಾರಿದವರಿಗೆ ಇದನ್ನ ವಿವರಿಸೋದು ಬೇಕಾಗಿಲ್ಲ.

ಒಣ ಜೋಳ, ಎಣ್ಣೆ ಹಿಂಡಿ

ಅಡುಗೆಮನೆಗೆ ಬರೋಣ. ಚರಕ, ವಾಗ್ಭಟರು ಹೊಗಳೋ ಧಾನ್ಯ ಅಂದ್ರೆ ಕೆಂಪಕ್ಕಿ, ಗೋದಿ, ಜವೆ. ನಮ್ಮ ಬಿಳಿಜೋಳ ಆ ಪಟ್ಟಿಯಲ್ಲಿ ಇಲ್ಲ. ಯಾವನಾಲ ಅನ್ನೋ ಹೆಸರಲ್ಲಿ ಅದು ಕಾಣಿಸೋದು ನಂತರದ ನಿಘಂಟುಗಳಲ್ಲಿ. ಜೋಳದ ಗುಣ ಒಣ, ಅಂದ್ರೆ ರೂಕ್ಷ. ನಮ್ಮ ನೆಲವೂ ಒಣ. ಗಾಳಿಯೂ ಒಣ. ವಾತದ ಊರಲ್ಲಿ ವಾತದ ಊಟ. ಪುಸ್ತಕ ಮಾತ್ರ ನೋಡಿದ್ರೆ ನಮ್ಮ ಅಜ್ಜಂದಿರೆಲ್ಲ ಕೀಲುನೋವಿನಿಂದ ಮಲಗಿರಬೇಕಿತ್ತು.

ಆದರೆ ರೊಟ್ಟಿಯ ಪಕ್ಕ ಏನಿದೆ ನೋಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಬೆಣ್ಣೆ, ಮೊಸರು, ಒಗ್ಗರಣೆಗೆ ಕುಸುಬಿ ಎಣ್ಣಿ. ಒಣಗಿದ್ದಕ್ಕೆ ಪ್ರತಿಯಾಗಿ ಜಿಡ್ಡು, ಅದೂ ಅದೇ ಹೊಲದ ಸಾಲಿನಲ್ಲಿ ಬೆಳೆದದ್ದು. ಇದು ಚರಕ ಹೇಳಿದ “ಸಂಯೋಗ”. ಇನ್ನೊಂದು ಪದ ಇದೆ, ಓಕಸಾತ್ಮ್ಯ: ತಲೆಮಾರುಗಳಿಂದ ತಿಂದು ತಿಂದು ಮೈಗೆ ಒಗ್ಗಿಹೋದದ್ದು. ಆಯುರ್ವೇದ ಅದಕ್ಕೆ ಬೆಲೆ ಕೊಡುತ್ತೆ. ಹೊಸದಾಗಿ ಚಿಯಾ ಸೀಡ್ಸ್ ತಂದು ನೆನೆಸೋ ಮೊದಲು ಅಗಸಿ ಡಬ್ಬಿ ಕಡೆ ನೋಡೋದು ಒಳ್ಳೆಯದು.

ಎಳ್ಳಮಾಸಿಯ ದಿನ ಈ ಲೆಕ್ಕ ಪೂರ್ತಿ ಕಾಣುತ್ತೆ. ಮಾರ್ಗಶಿರದ ಅಮಾವಾಸ್ಯೆ, ಡಿಸೆಂಬರ್ ಕೊನೆ ಇಲ್ಲ ಜನವರಿ ಮೊದಲು. ಪುಸ್ತಕದ ಹೇಮಂತ. ಹೊರಗೆ ಚಳಿ ಇರೋದರಿಂದ ಒಳಗಿನ ಜಠರಾಗ್ನಿ ಜೋರಾಗಿರುತ್ತೆ, ಅದಕ್ಕೆ ಸೌದೆ ಹಾಕದಿದ್ದರೆ ಅದು ಮೈಯನ್ನೇ ಸುಡುತ್ತೆ, ಹಾಗಾಗಿ ಸಿಹಿ, ಹುಳಿ, ಉಪ್ಪು, ಜಿಡ್ಡು, ಭಾರದ ಊಟ ಮಾಡು ಅಂತ ವಾಗ್ಭಟ ಹೇಳೋದು ಈ ಋತುವಿಗೆ. ನಮ್ಮಲ್ಲಿ ಆ ದಿನ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವಾಗ ಬುಟ್ಟಿಯಲ್ಲಿ ಇರೋದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣೆ ಬದನೆಕಾಯಿ, ಮೊಸರು. ಒಬ್ಬರ ಅಜ್ಜಿಯನ್ನ ಯಾಕಂತ ಕೇಳಿದಾಗ ಬಂದ ಉತ್ತರ: “ಥಂಡ್ಯಾಗ ಎಳ್ಳು ಶೇಂಗಾ ತಿನ್ನಬೇಕಪಾ, ಮೈ ಒಡಿಯೂದಿಲ್ಲ.” ಅವರು ವಾಗ್ಭಟನ ಹೆಸರು ಕೇಳಿಲ್ಲ.

ಊಟಕ್ಕೆ ಮೊದಲು ಚರಗ ಚೆಲ್ಲುತ್ತಾರೆ. ಬುಟ್ಟಿಯಲ್ಲಿದ್ದ ಎಲ್ಲದರಲ್ಲೂ ಸ್ವಲ್ಪ ತೆಗೆದು ಹೊಲದ ನಾಲ್ಕೂ ಕಡೆ ಭೂಮಿತಾಯಿಗೆ ಎರಚೋದು. ಸೀಗಿ ಹುಣ್ಣಿಮೆಗೂ ಹಾಗೇ, ತೆನೆ ಕಟ್ಟೋ ಬೆಳೆ ಬಸುರಿ ಅಂತ. ನೆಲ ಉಂಡ ಮೇಲೆ ಮನುಷ್ಯರು ಕೂರಬೇಕು.

ಎಲ್ಲ ಹೊಂದುತ್ತೆ ಅಂತ ನಾವು ಹೇಳ್ತಿಲ್ಲ. ಮಳೆಗಾಲದಲ್ಲಿ ಅಗ್ನಿ ಮಂದ ಆಗಿರುತ್ತೆ, ಹಗುರ ತಿನ್ನು ಅನ್ನುತ್ತೆ ಪುಸ್ತಕ. ನಾವು ಪಂಚಮಿಗೆ ಡಬ್ಬಿಗಟ್ಟಲೆ ಉಂಡಿ ತಿಂತೀವಿ. ಅದಕ್ಕೆ ಯಾವ ಸಮರ್ಥನೆಯೂ ಬೇಡ. ಜೋಕಾಲಿ ಆಡಿ ಅರಗಿಸ್ತೀವಿ.

ಹುಳಿ, ಉಪ್ಪು, ಮತ್ತು ಯಾರ ಬೇಸಿಗೆ?

ಈ ಪಾಠದಲ್ಲಿ ನಮಗೆ ಅತಿ ಹೆಚ್ಚು ಚರ್ಚೆ ಆದ ಜಾಗ ಇದು, ಸ್ವಲ್ಪ ನಿಂತು ನೋಡೋಣ.

ಬೇಸಿಗೆಗೆ ವಾಗ್ಭಟ ಹೇಳೋದು: ಖಾರ, ಹುಳಿ, ಉಪ್ಪು ಬಿಡು, ವ್ಯಾಯಾಮ ಬಿಡು, ಬಿಸಿಲು ಬಿಡು. ಸಿಹಿ, ತಂಪು, ದ್ರವ, ಹಗುರ ಊಟ ಮಾಡು. ಮೊಸರು ವಸಂತ, ಗ್ರೀಷ್ಮ, ಶರತ್ತಿನಲ್ಲಿ ಬೇಡ. ಬಿಸಿಲುಗಾಲದಲ್ಲಿ ಮಜ್ಜಿಗೆ ಕೊಡಬೇಡ ಅಂತ ಸುಶ್ರುತದಲ್ಲೂ ಇದೆ.

ಈಗ ಇಂಡಿಯ ಏಪ್ರಿಲ್ ತಿಂಗಳಿಗೆ ಬನ್ನಿ. ಮನೆಮನೆಯಲ್ಲೂ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ನುಚ್ಚು ಮಜ್ಜಿಗೆ. ಉಪ್ಪು ಹಾಕಿದ ನಿಂಬೆ ಶರಬತ್ತು. ಇಂಡಿ ಲಿಂಬೆಗೆ ಈಗ ಜಿಐ ಟ್ಯಾಗ್ ಇದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರೋದೂ ಇಂಡಿಯಲ್ಲೇ. ಯುಗಾದಿಗೆ ಹುಣಸೆಹುಳಿ, ಬೆಲ್ಲ, ಬೇವಿನ ಹೂವು, ಪುಟಾಣಿ ಹಾಕಿ ಗಡಿಗೆಯಲ್ಲಿ ಕಲಸಿದ ಕುಡಿಯೋ ಬೇವು. ಎಲ್ಲ ಹುಳಿ, ಹೆಚ್ಚಿನದರಲ್ಲಿ ಉಪ್ಪು. ಪುಸ್ತಕಕ್ಕೆ ನೇರ ವಿರುದ್ಧ.

ಒಬ್ಬರು ತಪ್ಪು, ಒಬ್ಬರು ಸರಿ ಅಂತ ತೀರ್ಮಾನ ಮಾಡೋದು ಸುಲಭ. ಆದರೆ ಅದೇ ಅಧ್ಯಾಯದಲ್ಲಿ ಬೇಸಿಗೆ ಹೇಗೆ ಕಳೀಬೇಕು ಅಂತ ಬರೆದಿರೋದನ್ನ ಮುಂದೆ ಓದಿ: ನೀರು ಚಿಮ್ಮುವ ಕಾರಂಜಿ ಮನೆ, ಗಂಧದ ಲೇಪ, ಹೂವಿನ ಮಾಲೆ, ಬಿಸಿಲು ತಾಗದ ದಟ್ಟ ಮರಗಳ ತೋಪು, ರಾತ್ರಿ ಬೆಳದಿಂಗಳ ಮಾಳಿಗೆ. ಇದು ಯಾರ ಬೇಸಿಗೆ? ಅರಮನೆಯ, ಶ್ರೀಮಂತರ ಬೇಸಿಗೆ. ದಿನವಿಡೀ ನೆರಳಲ್ಲಿ ಕೂತವನಿಗೆ ಬೆವರು ಕಡಿಮೆ, ಉಪ್ಪಿನ ಅವಶ್ಯಕತೆಯೂ ಕಡಿಮೆ. ಹೊಲದಲ್ಲಿ ಕುಂಟೆ ಹೊಡೆಯೋ, ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತೋ ಮನುಷ್ಯ “ಬಿಸಿಲು ಬಿಡು” ಅಂದ್ರೆ ಕೂಲಿಯನ್ನೂ ಬಿಡಬೇಕು. ಅವನ ಮೈಯಿಂದ ಬೆವರಿನ ಜೊತೆ ಸೋಡಿಯಂ ಹರಿದು ಹೋಗ್ತಿರುತ್ತೆ. ಬರೀ ನೀರು ಕುಡಿದ್ರೆ ಅದು ತುಂಬಲ್ಲ; ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ತುಂಬುತ್ತೆ. ಓಆರ್‌ಎಸ್ ಪೊಟ್ಟಣದ ಹಿಂದಿರೋದೂ ಇದೇ ವಿಚಾರ.

ಚರಕನ ಎಂಟನೇ ವೇರಿಯಬಲ್ ಉಪಯೋಕ್ತಾ ಅಂತ ಹೇಳಿದ್ದೆವಲ್ಲ. ಇಲ್ಲಿ ಬದಲಾಗಿರೋದು ಅದೇ. ಸೂತ್ರ ಸುಳ್ಳಲ್ಲ, ಅದಕ್ಕೆ ಹಾಕಿದ ಮನುಷ್ಯ ಬೇರೆ. ನಮ್ಮ ಕಡೆಯ ಅಂಬಲಿ ಕೂಲಿಯವರ ಋತುಚರ್ಯೆ. ಅದನ್ನ ಯಾವ ಸಂಹಿತೆಯೂ ಬರೆದಿಡಲಿಲ್ಲ, ಅಡುಗೆಮನೆ ಬರೆದಿಟ್ಟುಕೊಂಡಿತು. ಎಸಿ ಲ್ಯಾಬಿನಲ್ಲಿ ಕೂತು ಮೂರು ಪ್ಯಾಕೆಟ್ ಚಿಪ್ಸ್ ತಿನ್ನುವ ನಾವು ಮಾತ್ರ ಯಾವ ಗುಂಪಿಗೂ ಸೇರಿಲ್ಲ. ನಮಗೆ ಬಹುಶಃ ವಾಗ್ಭಟನೇ ಸರಿ, ಉಪ್ಪು ಬಿಡೋದೇ ಒಳ್ಳೆಯದು.

ಇದರಲ್ಲಿ ಅಧ್ಯಾತ್ಮ ಎಲ್ಲಿದೆ?

ಕ್ಲಬ್ಬಿನಲ್ಲಿ ಈ ಪ್ರಶ್ನೆ ಬಂತು. ಉತ್ತರ ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದ ಕೊನೆಗೆ ಇದೆ. ರಸಾಯನ ಅಂದ್ರೆ ಆಯಸ್ಸು, ಬಲ ಹೆಚ್ಚಿಸೋ ಔಷಧ. ಚ್ಯವನಪ್ರಾಶ ಎಲ್ಲರಿಗೂ ಗೊತ್ತು. ಆದರೆ ಅಲ್ಲೇ ಆಚಾರರಸಾಯನ ಅಂತ ಒಂದಿದೆ, ಅದರಲ್ಲಿ ನುಂಗೋಕೆ ಏನೂ ಇಲ್ಲ. ನಿಜ ಹೇಳುವವನು, ಸಿಟ್ಟಿಲ್ಲದವನು, ಹಿಂಸೆ ಮಾಡದವನು, ದಾನ ಮಾಡುವವನು, ನಿದ್ದೆ ಮತ್ತು ಎಚ್ಚರ ಎರಡನ್ನೂ ಸಮ ಇಟ್ಟುಕೊಂಡವನು ಔಷಧ ಇಲ್ಲದೆಯೂ ರಸಾಯನದ ಫಲ ಪಡೀತಾನೆ ಅನ್ನೋ ಅರ್ಥ. ಆ ಪಟ್ಟಿಯಲ್ಲಿ ಇನ್ನೊಂದು ಗುಣ ಇದೆ: ದೇಶ ಮತ್ತು ಕಾಲದ ಅಳತೆ ಗೊತ್ತಿರೋದು. ಸತ್ಯ, ಅಹಿಂಸೆ, ಜಪದ ಜೊತೆ ಒಂದೇ ಸಾಲಿನಲ್ಲಿ! ನೀನಿರೋ ನೆಲ ಯಾವುದು, ಈಗ ಯಾವ ಕಾಲ ಅಂತ ತಿಳಿದು ಬದುಕೋದು ಒಂದು ಸಾಧನೆ ಅಂತ ಗ್ರಂಥವೇ ಎಣಿಸಿದೆ.

ಹಾಗೆ ನೋಡಿದ್ರೆ ಚರಗ ಚೆಲ್ಲೋದು ಸಾಧನೆ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತ ಜೋಳ ಬೀಸಿದ್ದೂ ಸಾಧನೆ: ಬೇಗ ಏಳೋದು, ವ್ಯಾಯಾಮ, ನಾಮಸ್ಮರಣೆ ಮೂರೂ ಒಂದೇ ಕೆಲಸದಲ್ಲಿ. ಆ ಹಾಡುಗಳನ್ನ ಕೂಡಿಸಿ ಹಳೆಯ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ “ಗರತಿಯ ಹಾಡು” ಅಂತ ಪುಸ್ತಕ ತಂದರು. ಆ ಗುಂಪಿನ ಮಧುರಚೆನ್ನರು (1903–1953) ಅರವಿಂದರ ದಾರಿ ಹಿಡಿದ ಸಾಧಕರು. ಸಾಧಕರೊಬ್ಬರಿಗೆ ಬೀಸುವವರ ಹಾಡು ಬೇಕಾಯ್ತು ಅನ್ನೋದು ನಮಗೆ ಸಣ್ಣ ವಿಷಯ ಅನ್ನಿಸಲಿಲ್ಲ. (ಹಾಡು ಚೆಂದ ಅಂತ ಬೀಸೋ ಕಷ್ಟ ಕಡಿಮೆ ಇತ್ತು ಅಂತಲ್ಲ. ಗಿರಣಿ ಬಂದಾಗ ಆ ಅಜ್ಜಿಯಂದಿರು ಖುಷಿಪಟ್ಟಿದ್ದರೆ ಅದು ಪೂರ್ತಿ ಸರಿ.)

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು, ಅವರ ಕಾಯಕ, ದಾಸೋಹ, ಪ್ರಸಾದದ ವಿಚಾರ ಎಲ್ಲರಿಗೂ ಗೊತ್ತಿದೆ. ಊಟವನ್ನ ಪ್ರಸಾದ ಅಂದುಕೊಂಡವನು ತಟ್ಟೆಯಲ್ಲಿ ಬಿಡಲ್ಲ, ಅಳತೆ ಮೀರಿ ಬಡಿಸಿಕೊಳ್ಳಲ್ಲ. ಶರಣರಲ್ಲಿ ವೈದ್ಯ ಸಂಗಣ್ಣ ಅಂತ ಒಬ್ಬರಿದ್ದರು, ವೃತ್ತಿಯಿಂದ ವೈದ್ಯರು; ರೋಗ, ಔಷಧದ ಮಾತನ್ನೇ ಹಿಡಿದು ಭವರೋಗದ ಬಗ್ಗೆ ವಚನ ಬರೆದರು. ನಮ್ಮ ಕಾಲದಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ಹಾಕಿಕೊಂಡೇ ಬದುಕಿದರು. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡ ಅಂದರು. 2023ರ ಜನವರಿ 2ರಂದು ತೀರಿಕೊಳ್ಳೋ ಎಷ್ಟೋ ವರ್ಷ ಮೊದಲೇ, ದೇಹವನ್ನ ಹೂಳಬೇಡಿ ಸುಡಿ, ಸ್ಮಾರಕ ಕಟ್ಟಬೇಡಿ, ಬೂದಿಯನ್ನ ನದಿ ಅಥವಾ ಸಮುದ್ರಕ್ಕೆ ಬಿಡಿ ಅಂತ ಬರೆದಿಟ್ಟಿದ್ದರು. ಪ್ರಕೃತಿಯಿಂದ ತಗೊಂಡದ್ದನ್ನ ಜಾಗ ಕೂಡ ಇಟ್ಟುಕೊಳ್ಳದೆ ವಾಪಸ್ ಕೊಡೋದು ಅಂದ್ರೆ ಅಷ್ಟರ ಮಟ್ಟಿಗೆ.

ನೀರು ಕುದಿಸಿದರೆ ಸಾಲದು

ಇಲ್ಲಿಯವರೆಗೆ ಹೇಳಿದ್ದು ಒಬ್ಬೊಬ್ಬರು ಮಾಡುವಂಥದ್ದು. ಆದರೆ ಊರಿನ ನೀರೇ ಕೆಟ್ಟರೆ?

ಇದಕ್ಕೂ ಚರಕದಲ್ಲಿ ಒಂದು ಅಧ್ಯಾಯ ಇದೆ, ವಿಮಾನಸ್ಥಾನದ ಮೂರನೆಯದು, ಜನಪದೋದ್ಧ್ವಂಸ. ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ವಯಸ್ಸಿನ ಜನರೆಲ್ಲ ಒಂದೇ ಸಲ ಒಂದೇ ಕಾಯಿಲೆಯಿಂದ ಯಾಕೆ ಸಾಯ್ತಾರೆ ಅಂತ ಅಗ್ನಿವೇಶ ಕೇಳ್ತಾನೆ. ಎಲ್ಲರಿಗೂ ಸಾಮಾನ್ಯವಾಗಿರೋ ನಾಲ್ಕು ಕೆಡೋದರಿಂದ ಅಂತ ಆತ್ರೇಯರ ಉತ್ತರ: ಗಾಳಿ, ನೀರು, ನೆಲ, ಕಾಲ. ಅವು ಯಾಕೆ ಕೆಡ್ತವೆ? ಪ್ರಜ್ಞಾಪರಾಧದಿಂದ, ಅಂದ್ರೆ ಗೊತ್ತಿದ್ದೂ ಮಾಡೋ ತಪ್ಪಿನಿಂದ. ಮತ್ತು ದೇಶ, ನಗರದ ಮುಖ್ಯಸ್ಥರು ಧರ್ಮ ಬಿಟ್ಟು ನಡೆಯೋದರಿಂದ ಅದು ಶುರುವಾಗುತ್ತೆ ಅಂತಲೂ ಇದೆ. ಎನ್ವಿರಾನ್‌ಮೆಂಟಲ್ ಸೈನ್ಸ್ ಪೇಪರಿಗೆ ಇದಕ್ಕಿಂತ ಒಳ್ಳೆ ಪೀಠಿಕೆ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಹಲವು ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯೋ ನೀರಿಗೆ ಭಾರತೀಯ ಮಾನದಂಡ ಒಂದು ಲೀಟರಿಗೆ 1 ಮಿಲಿಗ್ರಾಂ; ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಬಿಡುತ್ತಾರೆ. ಅದನ್ನ ಮೀರಿದ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಹಲ್ಲು ಕಂದುಗಟ್ಟುತ್ತೆ, ಇನ್ನೂ ಜಾಸ್ತಿ ಆದರೆ ಮೂಳೆ, ಕೀಲು ಬಿಗಿಯಾಗ್ತವೆ. ಈಗ “ಆಯುರ್ವೇದದಲ್ಲಿ ಹೇಳಿದೆ, ನೀರು ಕುದಿಸಿ ಅರ್ಧಕ್ಕೆ ಇಳಿಸಿ ಕುಡಿ” ಅಂತ ಯಾರಾದ್ರೂ ಅಂದ್ರೆ ಲೆಕ್ಕ ಹಾಕಿ. ಲೀಟರಿಗೆ 1.5 ಮಿಲಿಗ್ರಾಂ ಇರೋ ನೀರನ್ನ ಅರ್ಧಕ್ಕೆ ಇಳಿಸಿದ್ರೆ ಫ್ಲೋರೈಡ್ ಆವಿಯಾಗಿ ಹೋಗಲ್ಲ, ಲೀಟರಿಗೆ 3 ಮಿಲಿಗ್ರಾಂ ಆಗುತ್ತೆ. ಕುದಿಸೋದು ರೋಗಾಣುಗೆ ಸರಿ, ಫ್ಲೋರೈಡಿಗೆ ಉಲ್ಟಾ. ತಾಮ್ರದ ಬಿಂದಿಗೆ, ತುಳಸಿ ಎಲೆ ಕೂಡ ಅದನ್ನ ತೆಗೆಯಲ್ಲ. ಬೇಕಿರೋದು ನೀರಿನ ಪರೀಕ್ಷೆ, ಆರ್‌ಒ ಇಲ್ಲ ಆ್ಯಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್, ಇಲ್ಲವೇ ಮಳೆನೀರು, ನದಿಯ ನೀರು. ಮಳೆಗಾಲದಲ್ಲಿ ನೇರವಾಗಿ ಹಿಡಿದ ಮಳೆನೀರನ್ನ ವಾಗ್ಭಟ ಒಪ್ಪುತ್ತಾನೆ, ಅಲ್ಲಿ ಅವನೂ ನಾವೂ ಒಂದೇ ಪಾರ್ಟಿ.

ಕಾಯಿಲೆ ವಿಷಯದಲ್ಲೂ ಇಷ್ಟೇ ಖಡಕ್ ಆಗಿರಬೇಕು. ಶುಗರ್ ಇರೋರು ಇನ್ಸುಲಿನ್ ಬಿಟ್ಟು ಕಷಾಯ ಹಿಡಿಯೋದು, ಟಿಬಿ ಮಾತ್ರೆ ನಡುವೆ ನಿಲ್ಲಿಸೋದು, ಸಂತೆಯಲ್ಲಿ ಕೊಂಡ ಭಸ್ಮ ನುಂಗೋದು ಋತುಚರ್ಯೆ ಅಲ್ಲ. ಪಾದರಸ, ಸೀಸದಂಥ ಲೋಹ ಸೇರಿದ ಔಷಧಿಗಳಿವೆ, ಅವು ಓದಿದ ವೈದ್ಯರ ಕೈಯಲ್ಲಿ ಇರಬೇಕು. ಬಿಎಎಂಎಸ್ ಕಲಿಸೋ ಕಾಲೇಜು ವಿಜಯಪುರದಲ್ಲೇ ಇದೆ.

ಔಷಧ, ನೀರು, ಮರ, ಅಡುಗೆ ಬೇರೆ ಬೇರೆ ಡಿಪಾರ್ಟ್‌ಮೆಂಟ್ ಆಗಿದ್ದು ಈಚೆಗೆ. ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಅನ್ನೋ ಕವಿ ಕನ್ನಡದಲ್ಲಿ ಬರೆದ “ಲೋಕೋಪಕಾರ”ದಲ್ಲಿ ಭೂಮಿಯೊಳಗಿನ ನೀರು ಹುಡುಕೋದು, ಗಿಡಗಳ ವೈದ್ಯ, ಅಡುಗೆ, ಮನುಷ್ಯರ ಮತ್ತು ದನಗಳ ಚಿಕಿತ್ಸೆ ಎಲ್ಲ ಒಂದೇ ಪುಸ್ತಕದಲ್ಲಿ ಇವೆ. ಅವತ್ತು ಇದನ್ನೆಲ್ಲ ಒಬ್ಬನೇ ಓದಬಹುದಿತ್ತು. ಸಿವಿಲ್‌ನವರೂ ಬಯೋಟೆಕ್‌ನವರೂ ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿಗೆ ಕೂತರೆ ಇವತ್ತೂ ಆಗಬಹುದು.

ಮನೆಗೆ ಹೋದಾಗ

ಹಾಸ್ಟೆಲ್ ಅನ್ನೋದು ನಮ್ಮ ಕಡೆ ಹೊಸದಲ್ಲ. ಇಂಡಿ ತಾಲೂಕಿನ ಸಾಲೋಟಗಿಯ 945ರ ಶಾಸನದಲ್ಲಿ ದೂರದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿದುಕೊಂಡು ಓದುತ್ತಿದ್ದ ಶಾಲೆಯ ಮಾತಿದೆ. ಅವರಿಗೂ ಓಕಸಾತ್ಮ್ಯದ ತೊಂದರೆ ಆಗಿತ್ತೋ ಏನೋ, ಶಾಸನದಲ್ಲಿ ಮೆಸ್ ಮೆನು ಇಲ್ಲ.

ಪಾಠ ಅಂದ ಮೇಲೆ ಹೋಮ್‌ವರ್ಕ್ ಇರಲೇಬೇಕು. ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಸೂರ್ಯೋದಯ ಎಷ್ಟು ಗಂಟೆಗೆ ಅಂತ ನೋಡಿ ಬ್ರಾಹ್ಮೀ ಮುಹೂರ್ತ ಲೆಕ್ಕ ಹಾಕಿ. ಮನೆಯ ಹಿರಿಯರನ್ನ ಕೇಳಿ, ಯಾವ ಮಳೆ ನಕ್ಷತ್ರಕ್ಕೆ ಏನು ಬಿತ್ತುತ್ತಿದ್ದರು, ಅದೇ ವಾರ ಮನೆಯಲ್ಲಿ ಏನು ತಿನ್ನೋದು ನಿಲ್ಲಿಸುತ್ತಿದ್ದರು, ಏನು ಶುರು ಮಾಡುತ್ತಿದ್ದರು. ಕಾಲುವೆ ನೀರು ಬಂದು ಜೋಳದ ಹೊಲದಲ್ಲಿ ಕಬ್ಬು ನಿಂತ ಮೇಲೆ ಅದರಲ್ಲಿ ಏನು ಉಳೀತು, ಏನು ಹೋಯ್ತು ಅಂತಲೂ ಕೇಳಿ. ಕೊಳವೆಬಾವಿ ಇದ್ದರೆ ಒಂದು ಲೀಟರ್ ನೀರನ್ನ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ, ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಸರಿ ಹೋಗಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸೋಕೆ ಮೇಡಂ ಹತ್ತಿರ ಮಾತಾಡಿದ್ದೇವೆ, ಹತ್ತು ಬಾಟಲಿ ಆದರೆ ಒಂದು ಶನಿವಾರ ಕೊಡ್ತೀನಿ ಅಂದಿದ್ದಾರೆ. ಈಗ ನಮ್ಮ ಹತ್ತಿರ ನಾಲ್ಕು ಇವೆ, ನಾಲ್ಕು ತಾಲೂಕಿಂದ ಒಂದೊಂದು.